ಹೆಂಡತಿ ಗುಣವಾದಳು, ಗಂಡ ಮುನಿಸಿಕೊಂಡ

ಸುಧಾ ಮೈಸೂರಿನವರು, ವಯಸ್ಸು 34. ಹೆಸರು, ಕೆಲಸದ ವಿವರ ಬದಲಿಸಿದ್ದೇನೆ. ಒಂದು ದಿನ ತುಂಬಿದ ಸಿಟಿ ಬಸ್ಸಿನಲ್ಲಿ ನಿಂತಿದ್ದಾಗ ಎದೆ ಡವಡವ ಹೊಡೆದುಕೊಂಡಿತು, ಕೈ ಜೋಮು ಹಿಡಿಯಿತು, ಉಸಿರು ಕಟ್ಟಿದ ಹಾಗಾಯಿತು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡರು. ಇಸಿಜಿ, ಥೈರಾಯ್ಡ್, ರಕ್ತ ಪರೀಕ್ಷೆ ಎಲ್ಲ ಸರಿಯಿತ್ತು. ಅತ್ತೆ ದೃಷ್ಟಿ ತೆಗೆದರು, ನೆಂಟರು ಗ್ಯಾಸ್ಟ್ರಿಕ್ ಅಂದರು. ಮತ್ತೆ ಮತ್ತೆ ಹೀಗಾದ ಮೇಲೆ ಮನೋವೈದ್ಯರು ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರನೆ ಏರುವ ತೀವ್ರ ಭಯ, ಎಂದು ಗುರುತಿಸಿ, ಮಾತ್ರೆ ಶುರು ಮಾಡಿ, ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದರು.

ಅಷ್ಟರಲ್ಲಿ ಗಂಡ ರಮೇಶ್ ಕಾವಲಿಗೆ ನಿಂತಾಗಿತ್ತು. ಅಂಗಡಿ ಬಿಟ್ಟು ಬಂದು ಆಫೀಸಿಗೆ ಬಿಡುವುದು, ಕರೆತರುವುದು, ನಡುನಡುವೆ ಫೋನ್. ಜೇಬಲ್ಲಿ ಸದಾ ಮಾತ್ರೆ, ಗ್ಲೂಕೋಸ್ ಪುಡಿ. ಮದುವೆಮನೆಗೆ ಹೋದರೆ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದರು.

ಒಳ್ಳೆಯ ಗಂಡ ಅಲ್ವಾ? ಖಂಡಿತ. ಆದರೆ ಆ ಕಾಳಜಿಯೇ ಭಯಕ್ಕೆ ಗೊಬ್ಬರವಾಗಿತ್ತು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಗಂಡನಿದ್ದರೆ, ‘ಇವರಿದ್ದುದಕ್ಕೆ ಬದುಕಿದೆ’ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ.

ಅದೇ ಲಕ್ಷಣಗಳನ್ನು ಬೇಕೆಂದೇ ತರಿಸಿ, ಅವು ತಾವಾಗಿ ಇಳಿಯುತ್ತವೆ ಎಂದು ತೋರಿಸಲು ಸುಧಾ ಅವರನ್ನು ನನ್ನ ಕೋಣೆಯ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಮೊದಲೇ ಹೇಳಿ, ಗರಗರ ತಿರುಗಿಸಿದೆ. ತಲೆ ಸುತ್ತಿತು, ಎದೆ ಬಡಿಯಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದವರು ಸ್ವಲ್ಪ ಹೊತ್ತಿಗೆ ನಕ್ಕುಬಿಟ್ಟರು. “ಮೇಡಂ, ಬಸ್ಸಲ್ಲಿ ಆಗಿದ್ದೂ ಇದೇ!” ಆಮೇಲೆ ಒಬ್ಬರೇ ಬೀದಿ ಕೊನೆಯ ಅಂಗಡಿಗೆ, ಖಾಲಿ ಬಸ್ಸಿಗೆ, ಕೊನೆಗೆ ಆಫೀಸ್ ಹೊತ್ತಿನ ಬಸ್ಸಿಗೆ ಹತ್ತಿದರು.

ನಿಜವಾದ ಗಂಟು ಬಿದ್ದಿದ್ದು ಇಲ್ಲಿ. ಸುಧಾ ಗೆಳತಿಯರ ಜೊತೆ ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು, ಆಮೇಲೆ ಹೇಳಿದರಂತೆ. ರಮೇಶ್ ನನ್ನೆದುರು ಕೂತು, “ಇನ್ನು ನಾನ್ಯಾಕೆ ಬೇಕು ಮೇಡಂ?” ಅಂದರು. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೂ ಸಿಡುಕು. ಸುಧಾ ದೂರು ಬೇರೆ: “ತಲೆ ಸುತ್ತುತ್ತಾ ಅಂತ ಕೇಳ್ತಾರೆ. ಆಫೀಸಲ್ಲಿ ಏನಾಯ್ತು ಅಂತ ಕೇಳಿ ಎಷ್ಟು ಕಾಲವಾಯ್ತೋ!”

ಕಾಯಿಲೆ ವಾಸಿಯಾಗುವಾಗ ನೋಡಿಕೊಂಡವರ ಕೆಲಸವೂ ಹೋಗುತ್ತದೆ. ಅದರ ನೋವನ್ನು ಸ್ವಾರ್ಥ ಅನ್ನಲು ನನಗೆ ಮನಸ್ಸಿಲ್ಲ.

ರಮೇಶ್‌ಗೆ ಹೇಳಿದೆ: ಹೇಗಿದ್ದೀಯ ಅಂತ ಪರೀಕ್ಷಿಸಲು ಫೋನ್ ಬೇಡ, ಹರಟೆಗೆ ಮಾಡಿ. ಮತ್ತೆ ಅಟ್ಯಾಕ್ ಬಂದರೆ ಅಲ್ಲಿಂದ ಎಬ್ಬಿಸಿಕೊಂಡು ಓಡಬೇಡಿ. ಸುಮ್ನೆ ಜೊತೆಗಿರಿ, ಇಳಿಯಲು ಬಿಡಿ. ನಿಲ್ಲಿಸಿದ ಸಂಜೆಯ ಶಟಲ್ ಆಟ ಮತ್ತೆ ಶುರು ಮಾಡಿ. ಸುಧಾ ಅವರಿಗೆ: ‘ನನ್ನ ಪಾಡಿಗೆ ಬಿಡಿ’ ಅಂದರೆ ಅವರಿಗೆ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ‘ಕಾವಲು ಸಾಕು, ಭಾನುವಾರ ಸಿನಿಮಾಕ್ಕೆ ಕರ್ಕೊಂಡು ಹೋಗಿ’ ಅಂತ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿ. ಚೆನ್ನಾಗಿದ್ದೀನಿ ಅಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡಬೇಕು.

ಇಂಥ ತೊಂದರೆ ಇದ್ದು, ಯಾರನ್ನು ಕೇಳುವುದೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎದೆನೋವು ಮೊದಲ ಸಲ ಬಂದಿದ್ದರೆ ಮೊದಲು ಆಸ್ಪತ್ರೆಗೇ ಹೋಗಿ.

ಈ ದಂಪತಿ ಈಗಲೂ ಜಗಳವಾಡುತ್ತಾರೆ. ಮೊನ್ನೆಯದು ಸ್ಕೂಟರ್ ಬಗ್ಗೆ. ನಾನೇ ಕಲಿಸ್ತೀನಿ ಅಂತ ರಮೇಶ್, ನೀವು ಬೈತೀರಿ, ಡ್ರೈವಿಂಗ್ ಸ್ಕೂಲೇ ವಾಸಿ ಅಂತ ಸುಧಾ. ನಾನು ಬಾಯಿ ಹಾಕಲಿಲ್ಲ.