ಹಾಸನ, ಚಿಕ್ಕಮಗಳೂರು ಕಡೆ ಬೇಸಿಗೆ ಮಳೆಗೆ ಮುಂಚೆ ಇದ್ದಕ್ಕಿದ್ದಂತೆ ಬಿರುಗಾಳಿ ಏಳುವುದು ಯಾಕೆ?

ಆ ಗಾಳಿ ದೂರದಿಂದ ಬಂದದ್ದಲ್ಲ, ಗುಡುಗಿನ ಮೋಡದಿಂದಲೇ ಕೆಳಗೆ ಸುರಿದದ್ದು. ಏಪ್ರಿಲ್, ಮೇ ಬಿಸಿಲಿಗೆ ನೆಲ ಕಾದು, ಬಿಸಿ ಗಾಳಿ ಮೇಲೇರಿ 10 ಕಿಲೋಮೀಟರಿಗೂ ಎತ್ತರದ ಮೋಡ ಕಟ್ಟುತ್ತದೆ. ಅದರಿಂದ ಬೀಳುವ ಎಷ್ಟೋ ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ. ಅದಕ್ಕೆ ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತವೆ. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ ಅಲ್ವಾ, ಹಾಗೆಯೇ. ತಣ್ಣಗಾದ ಗಾಳಿಗೆ ಭಾರ ಜಾಸ್ತಿ. ರಭಸವಾಗಿ ಕೆಳಗಿಳಿದು, ನೆಲಕ್ಕೆ ಬಡಿದು, ಅಂಗಳದಲ್ಲಿ ಕೊಡ ನೀರು ಸುರಿದಂತೆ ನಾಲ್ಕೂ ಕಡೆ ಚೆಲ್ಲುತ್ತದೆ. ವೇಗ ಗಂಟೆಗೆ 100 ಕಿಲೋಮೀಟರ್ ದಾಟಬಹುದು.

ಸಕಲೇಶಪುರ, ಮೂಡಿಗೆರೆ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳು ಲಟಲಟ ಮುರಿಯುವುದು ಆಗಲೇ. ಕಾಫಿ ಗಿಡದ ಮೇಲೇ ಬೀಳುತ್ತವೆ, ನೋಡೋಕೆ ಸಂಕಟವಾಗುತ್ತದೆ. ಸೆಕೆಯ ನಡುವೆ ತಣ್ಣನೆ ಗಾಳಿ ಮುಖಕ್ಕೆ ಹೊಡೆದರೆ ಮರದ ಕೆಳಗೆ ನಿಲ್ಲಬೇಡಿ, ಗಾಡಿಯನ್ನೂ ನಿಲ್ಲಿಸಬೇಡಿ.