ಕನಕಪುರ ಲೋಕಸಭಾ ಕ್ಷೇತ್ರ ಎಲ್ಲಿ ಹೋಯಿತು?

ಪ್ರಶ್ನೆ: ದೇವೇಗೌಡರು ಸ್ಪರ್ಧಿಸಿದ್ದ ಕನಕಪುರ ಲೋಕಸಭಾ ಕ್ಷೇತ್ರ ಈಗೇಕೆ ಇಲ್ಲ?

ಉತ್ತರ: 1967ರಿಂದ 2004ರವರೆಗಿನ ಸಾರ್ವತ್ರಿಕ ಚುನಾವಣೆಗಳನ್ನು ಕಂಡ ಈ ಕ್ಷೇತ್ರದ ಹೆಸರು ಕನಕಪುರದ್ದಾದರೂ, ಬೆಂಗಳೂರಿನ ಹೊರವಲಯದ ಉತ್ತರಹಳ್ಳಿ ಮತ್ತು ಆನೇಕಲ್ ಕೂಡ ಅದರೊಳಗೇ ಇದ್ದವು. ಮೊದಲ ಸಂಸದರು ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಗೆದ್ದರು; ಮುಂದೆ ಎಂ.ವಿ. ಚಂದ್ರಶೇಖರಮೂರ್ತಿಯವರು ಹಲವು ಬಾರಿ ಆಯ್ಕೆಯಾದರು. ಅವರ ನಿಧನದಿಂದಾಗಿ 2002ರಲ್ಲಿ ನಡೆದ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಮಣಿಸಿದ ದೇವೇಗೌಡರು, ಎರಡೇ ವರ್ಷಗಳಲ್ಲಿ ಇಲ್ಲಿ ತೇಜಸ್ವಿನಿ ಗೌಡರೆದುರು ಸೋತು, ಹಾಸನದಿಂದ ಲೋಕಸಭೆಗೆ ಹೋದರು. ಇಷ್ಟು ಕುತೂಹಲದ ಫಲಿತಾಂಶಗಳನ್ನು ಕೊಟ್ಟ ಕ್ಷೇತ್ರಗಳು ರಾಜ್ಯದಲ್ಲಿ ವಿರಳವೆಂದೇ ನನ್ನ ಭಾವನೆ.

ಕ್ಷೇತ್ರ ಮರೆಯಾಗಲು ಕಾರಣ ನಗರದ ಬೆಳವಣಿಗೆ. 1971ರ ಜನಗಣತಿಯನ್ನು ಆಧರಿಸಿದ ಗಡಿಗಳು ದಶಕಗಟ್ಟಲೆ ಬದಲಾಗದೆ ಉಳಿದಿದ್ದರಿಂದ, ಬಡಾವಣೆಗಳಿಂದ ತುಂಬಿಹೋದ ಉತ್ತರಹಳ್ಳಿಯು ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿ, ಅಲ್ಲಿನ ಒಂದು ಮತದ ತೂಕ ಅನ್ಯಾಯವೆನಿಸುವಷ್ಟು ಕುಗ್ಗಿತ್ತು. 2001ರ ಜನಗಣತಿಯ ಆಧಾರದಲ್ಲಿ 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆ ಉತ್ತರಹಳ್ಳಿಯನ್ನು ಒಡೆದು ಹಂಚಿತು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಆನೇಕಲ್‌ಗಳ ಜೊತೆಗೆ ಕುಣಿಗಲ್, ರಾಜರಾಜೇಶ್ವರಿನಗರ ಹಾಗೂ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳು ಸೇರಿ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವಾಯಿತು. 2009ರಲ್ಲಿ ಅದರ ಮೊದಲ ಚುನಾವಣೆಯನ್ನು ಎಚ್.ಡಿ. ಕುಮಾರಸ್ವಾಮಿ ಗೆದ್ದರು. ಕನಕಪುರ ಈಗ ವಿಧಾನಸಭಾ ಕ್ಷೇತ್ರವಾಗಿ ಮಾತ್ರ ಉಳಿದಿದೆ.