ಎಲೆನ್ ಟೆರಿ ಕಾರ್ಡ್ ಕೊಳ್ಳುವ ಮುಂಚೆ ಇದಿಷ್ಟು ನೋಡಿ

ಮೇಡಂ, ಲೇಡಿ ಮ್ಯಾಕ್‌ಬೆತ್ ವೇಷದ ಇಂಗ್ಲೆಂಡಿನ ಹಳೆಯ ಕಾಲದ ನಟಿ ಎಲೆನ್ ಟೆರಿ ಫೋಟೋ ಮಾರಾಟಕ್ಕಿದೆ, ಕೆಳಗೆ ಸಹಿನೂ ಇದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಮೊದಲು ಕಾರ್ಡಿನ ಹಿಂಭಾಗದ ಚಿತ್ರ, ಸಹಿಯನ್ನು ಹತ್ತಿರದಿಂದ ತೆಗೆದ ಚಿತ್ರ ಎರಡೂ ಕಳಿಸಲು ಹೇಳಿ. ಅವು ಬರುವ ತನಕ ದುಡ್ಡು ಹಾಕಬೇಡಿ.

ಸಹಿ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಟೆರಿ ಜೊತೆ ನಟಿಸುತ್ತಿದ್ದ ಹೆನ್ರಿ ಇರ್ವಿಂಗ್ ಸಹಿ ಮಾಡಿದ ಕಾರ್ಡ್ ಅಂತ ಒಬ್ಬರಿಗೆ ಜಾಸ್ತಿ ದುಡ್ಡು ಕೊಟ್ಟು ತರಿಸಿದೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ಅಚ್ಚಿನ ಸಹಿ. ಪೆನ್ನಿನ ಸಹಿಯಲ್ಲಿ ಶಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗೆರೆ ಮೇಲೆ ಗೆರೆ ಹಾಯ್ದ ಕಡೆ ಕಪ್ಪು ಹೆಚ್ಚು. ಅಚ್ಚಿನದು ಎಲ್ಲ ಕಡೆ ಒಂದೇ ಸಮ. ನ್ಯೂಯಾರ್ಕಿನ ಫೋಟೋಗ್ರಾಫರ್ ನೆಪೋಲಿಯನ್ ಸರೋನಿ ಕಾರ್ಡ್‌ಗಳಲ್ಲಂತೂ ಕೈಬರಹದ ಹಾಗೆ ಕಾಣುವುದು ಸ್ಟುಡಿಯೋ ಹೆಸರು, ನಟರ ಸಹಿ ಅಲ್ಲ.

ಇನ್ನು ಫೋಟೋ. ಟೆರಿ ನಟಿಸಿದ ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ 1888ರ ಕೊನೆಗೆ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಶುರುವಾಯಿತು. ಟೆರಿ ತೊಟ್ಟ ಉಡುಪಿಗೆ ನಿಜವಾದ ರೆಕ್ಕೆಗಳನ್ನೇ ಹೊಲಿದಿದ್ದರು. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯ ಮೇಲೆ ಹಸಿರಾಗಿ ಮಿನುಗುತ್ತಿತ್ತಲ್ಲ, ಅಂಥದ್ದೇ ರೆಕ್ಕೆ! ಉಡುಪು ಈಗಲೂ ಕೆಂಟ್‌ನ ಸ್ಮಾಲ್‌ಹೈತ್‌ನಲ್ಲಿ, ಅವರಿದ್ದ ಮನೆಯಲ್ಲೇ ಇದೆ. ಒಳ್ಳೆ ಪ್ರತಿಯಲ್ಲಿ ಆ ಮಿನುಗು, ಉದ್ದ ಜಡೆಯ ಹೆಣಿಗೆ ಬಿಡಿಬಿಡಿಯಾಗಿ ಕಾಣಬೇಕು. ಫೋಟೋದ ಫೋಟೋ ಆಗಿದ್ದರೆ ಎಲ್ಲ ಕಲಸಿಹೋಗಿರುತ್ತದೆ. ಪತ್ರಿಕೆ ಚಿತ್ರದ ಹಾಗೆ ಸಾಲುಸಾಲು ಚುಕ್ಕಿ ಕಂಡರೆ ಅದು ಮುದ್ರಣ, ಬಿಟ್ಟುಬಿಡಿ.

ಕ್ಯಾಬಿನೆಟ್ ಕಾರ್ಡ್, ಅಂದರೆ ಆ ಕಾಲದಲ್ಲಿ ರಟ್ಟಿಗೆ ಅಂಟಿಸಿ ಮಾರುತ್ತಿದ್ದ ಫೋಟೋ, ಸುಮಾರು 108 × 165 ಮಿಲಿಮೀಟರ್ ಇರುತ್ತದೆ. ಈ ಅಳತೆಯನ್ನು 1866ರಲ್ಲಿ ರೂಢಿಗೆ ತಂದವರು ಎಫ್. ಆರ್. ವಿಂಡೋ. ಟೆರಿಯ ಈ ವೇಷದ ಫೋಟೋ ತೆಗೆದ ವಿಂಡೋ ಅಂಡ್ ಗ್ರೋವ್ ಅವರದೇ ಸ್ಟುಡಿಯೋ. ಹಾಗಾಗಿ ರಟ್ಟಿನ ಮೇಲೆ ಆ ಹೆಸರು ಹುಡುಕಿ. ಹಿಂಭಾಗದಲ್ಲಿ ಪತ್ರಕ್ಕೊಂದು, ವಿಳಾಸಕ್ಕೊಂದು ಜಾಗ ಅಂತ ಗೆರೆ ಎಳೆದಿದ್ದರೆ ಅದು 1902ರ ನಂತರದ ಪೋಸ್ಟ್‌ಕಾರ್ಡ್. ರಾಣಿ ವಿಕ್ಟೋರಿಯಾ ತೀರಿಕೊಂಡಿದ್ದು 1901ರಲ್ಲಿ. ಪೋಸ್ಟ್‌ಕಾರ್ಡ್ ಚೆನ್ನಾಗಿದ್ದರೂ ವಿಕ್ಟೋರಿಯಾ ಕಾಲದ ಬೆಲೆ ಕೊಡಬೇಡಿ.

ತಗೊಂಡರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ. ಆ ಕಾಲದ ಹೆಚ್ಚಿನ ಫೋಟೋಗಳ ಮೇಲ್ಮೈ ಮೊಟ್ಟೆಯ ಬಿಳಿ ಲೋಳೆಯದು, ನೀರು ತಾಗಿದರೆ ಹಾಳು. ಅಂಟಿಸುವ ಆಲ್ಬಂ, ಪಿವಿಸಿ ಕವರ್ ಬೇಡ. ಪಾಲಿಯೆಸ್ಟರ್ ಕವರಿಗೆ ಹಾಕಿ, ಗಾಳಿಯಾಡುವ ಒಣ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಪಕ್ಕಕ್ಕೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ, ಆಗಾಗ ಬದಲಾಯಿಸಿ.

ಹಿಂಭಾಗದ ಚಿತ್ರ ಬಂದ ಕೂಡಲೇ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.